ಹಕ್ಕು ಮತ್ತು ಹುನರ್

‘ನೀವು ಮುಸ್ಲಿಮರಾದರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!’ ಕನ್ನಡದಲ್ಲಿ ಬರೆಯುವ ನಮ್ಮಂಥವರು ಸಭೆ ಸಮಾರಂಭಗಳಿಂದ ಈ ಮಾತು ಕೇಳಿಸಿಕೊಳ್ಳದೆ ಮನೆಗೆ ಮರಳಿದ್ದು ಕಡಿಮೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ನಿಜವಾಗಿ ಸಂತೋಷಪಟ್ಟೇ ಹೇಳಿರುತ್ತಾರೆ. ನಾವೂ ನಕ್ಕು ಕೈಮುಗಿಯುತ್ತೇವೆ. ಆದರೆ ಅದರೊಳಗಿನ ‘ಆದರೂ’ ಎಂಬ ಮೂರಕ್ಷರ ಜಾಲಿಮುಳ್ಳಿನ ತುದಿಯಂತೆ ಒಳಗೇ ಉಳಿದುಬಿಡುತ್ತದೆ.

ಔರಾದ ತಾಲ್ಲೂಕಿನ ನಮ್ಮ ಸಂತಪುರದ ಕಡೆ ಇಂಥ ಬೆರಗಿಗೆ ಜಾಗವೇ ಇಲ್ಲ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಕಿರಾಣಿ ಅಂಗಡಿಯವನು ಒಂದು ಗಿರಾಕಿಗೆ ಮರಾಠಿಯಲ್ಲಿ ಲೆಕ್ಕ ಹೇಳಿ, ಮತ್ತೊಬ್ಬನಿಗೆ ಕನ್ನಡದಲ್ಲಿ ಉದ್ರಿ ಇಲ್ಲವೆಂದು, ಅಷ್ಟರಲ್ಲೇ ಮಗನನ್ನು ದಖ್ಖನಿಯಲ್ಲಿ ಗದರುತ್ತಾನೆ. ಅವನನ್ನು ಯಾರೂ ಹೊಗಳುವುದಿಲ್ಲ. ಹೊಗಳಿದರೆ ತಾನು ಮಾಡಿದ್ದಾದರೂ ಏನೆಂದು ಅವನಿಗೇ ತಿಳಿಯಲಿಕ್ಕಿಲ್ಲ. ಭಾಷೆ ಅಲ್ಲಿ ಬದುಕು, ಸಾಧನೆಯಲ್ಲ. ಹಾಗಿದ್ದ ಮೇಲೆ ನಮ್ಮ ಕನ್ನಡವನ್ನು ಹೊಗಳುವವರು ಯಾವುದಕ್ಕೆ ಅಂಕ ಕೊಡುತ್ತಿದ್ದಾರೆ? ನಮ್ಮ ಭಾಷೆಗೋ, ಇಲ್ಲಿರುವ ನಮ್ಮ ಅರ್ಹತೆಗೋ?

ಇದೇ ಪ್ರಶ್ನೆಯನ್ನು ಬಹುದೂರದಲ್ಲಿ, ತೀರ ಬೇರೆಯ ರೀತಿಯಲ್ಲಿ ಎದುರಿಸಿದ ಒಬ್ಬ ಸಂಗೀತಗಾರನಿದ್ದಾನೆ. ಹೆಸರು ರುದ್ರೇಶ್ ಮಹಂತಪ್ಪ. ಹೆಸರೇ ಹೇಳುವಂತೆ ಕರ್ನಾಟಕ ಮೂಲದವರು. ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್ ನಗರದಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಎಂಬ ಊರಲ್ಲಿ. ತಂದೆ ಭೌತವಿಜ್ಞಾನದ ಪ್ರಾಧ್ಯಾಪಕರು. ಮಗ ಹಿಡಿದದ್ದು ಸ್ಯಾಕ್ಸೋಫೋನು, ಕಲಿತದ್ದು ಜಾಝ್. ಅಮೆರಿಕದಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದ ಮಕ್ಕಳಿಗೆ ಅಲ್ಲಿಯ ಜನ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ‘ನೀವು ಹಿಂದೂ ಭಾಷೆ ಮಾತಾಡ್ತೀರಾ?’ ಹಿಂದೂ ಎಂಬ ಭಾಷೆಯೇ ಇಲ್ಲವಲ್ಲ ಎಂದು ನಮಗೆ ನಗು ಬರಬಹುದು. ಕೇಳಿಸಿಕೊಳ್ಳುವವನಿಗೆ ನಗು ಬರುವುದಿಲ್ಲ. ರುದ್ರೇಶ್ ಜಗಳಕ್ಕೆ ಹೋಗಲಿಲ್ಲ. ಬೇರೆ ಬೇರೆ ಭಾಷೆಯ ಭಾರತೀಯರನ್ನು ಹಿಡಿದು ಅದೇ ಪ್ರಶ್ನೆಗೆ ತಂತಮ್ಮ ಭಾಷೆಯಲ್ಲಿ ಉತ್ತರ ಹೇಳಿಸಿ, ಆ ಮಾತಿನ ಏರಿಳಿತವನ್ನು ಸ್ವರಗಳಾಗಿ ಬರೆದುಕೊಂಡರು. 2004ರಲ್ಲಿ ಬಂದ ‘ಮದರ್ ಟಂಗ್’ ಎಂಬ ಆಲ್ಬಮ್ ಹುಟ್ಟಿದ್ದು ಹೀಗೆ. ಅದರ ಒಂದು ಕೃತಿಯ ಹೆಸರೇ ‘ಕನ್ನಡ’. ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲೆಯಾಳಂ ಹೆಸರಿನ ಕೃತಿಗಳೂ ಇವೆ. ಯಾರೋ ಒಬ್ಬರು ಸಿಟ್ಟಿನಿಂದಲೋ ಸಮಾಧಾನದಿಂದಲೋ ಕನ್ನಡದಲ್ಲಿ ಆಡಿದ ಮಾತು ಜಾಝ್ ಆಗಿ ಕೇಳಿಸುತ್ತದೆ. ಅಪಮಾನಕ್ಕೆ ಇದಕ್ಕಿಂತ ಸಭ್ಯವಾದ ಉತ್ತರ ನಮಗಂತೂ ಗೊತ್ತಿಲ್ಲ.

ಅವರಿಗೆ ಇನ್ನೊಂದು ಕಷ್ಟವಿತ್ತು. ಭಾರತೀಯನಾದ ಮೇಲೆ ಭಾರತದ ಸಂಗೀತ ರಕ್ತದಲ್ಲೇ ಇರಬೇಕೆಂದು ಜನ ನಂಬುತ್ತಾರೆ. ರಕ್ತದಲ್ಲಿ ಅಂಥದ್ದೇನೂ ಇರಲಿಲ್ಲ. ಕಾಲೇಜಿನ ದಿನಗಳಲ್ಲಿ ಅಣ್ಣ ತಮಾಷೆಗೆಂದು ಒಂದು ಆಲ್ಬಮ್ ತಂದುಕೊಟ್ಟ. ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂದು ಅದರ ಹೆಸರು. ನುಡಿಸಿದವರು ನಮ್ಮ ಕದ್ರಿ ಗೋಪಾಲನಾಥ್. ತಮಾಷೆಯ ಉಡುಗೊರೆ ಆ ಹುಡುಗನ ಕಿವಿಯನ್ನೇ ಬದಲಾಯಿಸಿತು.

ಗೋಪಾಲನಾಥರ ಕಥೆ ಕನ್ನಡಿಗರಿಗೆ ಅಷ್ಟಿಷ್ಟು ಗೊತ್ತಿದೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದವರು. ತಂದೆ ನಾಗಸ್ವರ ವಿದ್ವಾಂಸರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ದನಿ ಕೇಳಿ ಮನಸೋತರು. 1840ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಎಂಬಾತ ರೂಪಿಸಿದ ವಾದ್ಯ ಅದು. ಕೀಲಿ ಒತ್ತಿದರೆ ಗೊತ್ತುಮಾಡಿದ ಸ್ವರ ಮಾತ್ರ ಬರಬೇಕು ಎಂಬುದು ಅದರ ಕಟ್ಟಳೆ. ನಮ್ಮ ಸಂಗೀತದ ಜೀವವಿರುವುದು ಸ್ವರ ಸ್ವರಗಳ ನಡುವಿನ ಹಾದಿಯಲ್ಲಿ, ಗಮಕದಲ್ಲಿ. ತುಟಿಯ ಹಿಡಿತ, ಉಸಿರಿನ ಒತ್ತಡ, ಅರ್ಧ ತೆರೆದ ಕೀಲಿ, ವಾದ್ಯದಲ್ಲೇ ಮಾಡಿಕೊಂಡ ಕೆಲವು ಮಾರ್ಪಾಟು, ಇವುಗಳಿಂದ ಆ ಹಿತ್ತಾಳೆಯ ಕೊಳವೆಗೆ ಅವರು ಗಮಕ ಕಲಿಸಿದರು. ಒಂದೆರಡು ವರ್ಷದ ಕೆಲಸವಲ್ಲ, ಸುಮಾರು 20 ವರ್ಷ ಹಿಡಿಯಿತು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಚೆನ್ನೈಯ ಟಿ.ವಿ. ಗೋಪಾಲಕೃಷ್ಣನ್ ಅವರಿಗೆ ಗುರುಗಳು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿಗೆ ಕರೆ ಬಂತು, 2004ರಲ್ಲಿ ಪದ್ಮಶ್ರೀ.

ಅಮೆರಿಕದ ಈ ಹುಡುಗ ಮತ್ತು ಮಂಗಳೂರಿನ ಈ ಹಿರಿಯರು ಕೂಡಿ ಕಟ್ಟಿದ ಗುಂಪೇ ದಕ್ಷಿಣ ಆನ್ಸಾಂಬಲ್. ಅದರಿಂದ ಬಂದದ್ದು ಒಂದೇ ಆಲ್ಬಮ್, 2008ರ ‘ಕಿನ್ಸ್‌ಮೆನ್’. ಅಂದರೆ ನೆಂಟರು, ಒಂದೇ ಬಳಗದವರು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀನಿವಾಸನ್, ಗಿಟಾರಿಗೆ ಕರಾಚಿಯಲ್ಲಿ ಹುಟ್ಟಿ ಲಾಸ್ ಏಂಜಲೀಸಿನಲ್ಲಿ ಬೆಳೆದ ರೆಝ್ ಅಬ್ಬಾಸಿ. ಬಾಸ್ ಮತ್ತು ಡ್ರಮ್ ಅಮೆರಿಕದವರದು. ಈ ಬಳಗದ ಪಟ್ಟಿ ನೋಡಿದರೆ ನಮ್ಮ ಕಾಲದ ವೀಸಾ ಅಧಿಕಾರಿಗೆ ತಲೆನೋವು ಬಂದೀತು. ದೊಡ್ಡ ಕೃತಿಗಳ ನಡುವೆ ಒಬ್ಬೊಬ್ಬರೇ ನುಡಿಸುವ ಪುಟ್ಟ ಆಲಾಪಗಳಿವೆ. ರೆಝ್‌ಗೂ ಒಂದು ಆಲಾಪ ಸಿಕ್ಕಿದೆ, ಕನ್ಯಾಕುಮಾರಿಯವರಿಗೂ ಒಂದು. ನಮ್ಮನ್ನು ಹಿಡಿದು ನಿಲ್ಲಿಸುವುದು ಮಾತ್ರ ಎರಡು ಸ್ಯಾಕ್ಸೋಫೋನುಗಳು ಒಂದೇ ಸಾಲನ್ನು ನುಡಿಸುವ ಜಾಗಗಳು. ವಾದ್ಯ ಒಂದೇ, ಸಾಲು ಒಂದೇ, ದನಿ ಎರಡು. ಗೋಪಾಲನಾಥರು ಸ್ವರದಿಂದ ಸ್ವರಕ್ಕೆ ಜಾರಿ ಹೋಗುತ್ತಾರೆ. ರುದ್ರೇಶ್ ಸ್ವರಗಳನ್ನು ಕಡಿದು ಕಡಿದು ಎಸೆಯುತ್ತಾರೆ. ಹಿರಿಯರು ಜಾಝ್ ನುಡಿಸುವ ವೇಷ ಹಾಕುವುದಿಲ್ಲ, ಕಿರಿಯವರು ಕರ್ನಾಟಕ ಸಂಗೀತದ ಪಂಡಿತರಂತೆ ನಟಿಸುವುದಿಲ್ಲ.

(ಸಂಗೀತದ ವಿಷಯ ಎತ್ತಿದ್ದಕ್ಕೆ ನಮ್ಮ ಕೆಲವು ಓದುಗರು ಹುಬ್ಬೇರಿಸಬಹುದು. ಅದರ ಬಗ್ಗೆ ಉಲೇಮಾಗಳಲ್ಲಿ ಹಿಂದಿನಿಂದಲೂ ಭಿನ್ನಮತವಿದೆ. ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ದಲ್ಲಿ ಸಮಾ ಕುರಿತೇ ಒಂದು ಪ್ರತ್ಯೇಕ ಭಾಗ ಬರೆದಿದ್ದಾರೆ. ಆ ಚರ್ಚೆಗೆ ಬೇರೆಯ ದಿನ ಇಟ್ಟುಕೊಳ್ಳೋಣ.)

ಈಗ ನಮ್ಮ ಪ್ರಶ್ನೆಗೆ ಬರೋಣ. ಉರ್ದುವಿನಲ್ಲಿ ಎರಡು ಪದಗಳಿವೆ, ಹಕ್ ಮತ್ತು ಹುನರ್. ಹಕ್ ಕನ್ನಡಕ್ಕೆ ಬಂದು ಹಕ್ಕಾಯಿತು, ಅರ್ಥ ಕೆಡಲಿಲ್ಲ. ಹುನರ್ ಎಂದರೆ ಕಲೆ, ಕೈಚಳಕ, ದುಡಿದು ಸಂಪಾದಿಸಿದ ಕುಶಲತೆ. ಪಾಪ, ಅದು ಕನ್ನಡಕ್ಕೆ ಬಂದು ಹುನ್ನಾರವಾಗಿ ಕುಳಿತಿದೆ. ಇರಲಿ. ಹಕ್ಕು ಹುಟ್ಟಿನೊಂದಿಗೆ, ಇರವಿನೊಂದಿಗೆ ಬರುತ್ತದೆ, ಅದಕ್ಕೆ ಪರೀಕ್ಷೆ ಇಲ್ಲ. ಹುನರ್ ಹುಟ್ಟಿನೊಂದಿಗೆ ಬರುವುದಿಲ್ಲ, ಅದಕ್ಕೆ ಪರೀಕ್ಷೆ ಇದ್ದೇ ಇದೆ. ನಾವು ಬದುಕುವ ಸಮಾಜ ಇವೆರಡನ್ನೂ ಅದಲು ಬದಲು ಮಾಡಿಕೊಂಡಿದೆ ಎಂಬುದೇ ನಮ್ಮ ತಕರಾರು. ಕಲೆಯನ್ನು ರಕ್ತದಲ್ಲಿ ಹುಡುಕುತ್ತದೆ, ‘ಭಾರತೀಯನಲ್ಲವೇ, ರಾಗ ಬರಲೇಬೇಕು’ ಎನ್ನುತ್ತದೆ. ಇರುವ ಹಕ್ಕನ್ನು ಮಾತ್ರ ಸಾಧನೆ ತೋರಿಸಿ ಪಡೆಯಿರಿ ಎನ್ನುತ್ತದೆ.

ರುದ್ರೇಶ್ ಈ ಗೊಂದಲದ ಒಂದು ಅರ್ಧವನ್ನು ತಮ್ಮ ಮಟ್ಟಿಗೆ ಬಿಡಿಸಿಕೊಂಡರು. ಹೆಸರು ಮಹಂತಪ್ಪ ಎಂದಿದ್ದರೂ ಗಮಕ ತಮ್ಮದಲ್ಲ, ಕಲಿಯಬೇಕು ಎಂದು ಗೋಪಾಲನಾಥರ ಬಳಿಗೆ ಹೋದರು. 2007ರಲ್ಲಿ ಗುಗನ್‌ಹೈಮ್ ಫೆಲೋಶಿಪ್ ಸಿಕ್ಕಾಗ ಅದನ್ನು ಕರ್ನಾಟಕ ಸಂಗೀತದ ಅಧ್ಯಯನಕ್ಕೆ ಬಳಸಿಕೊಂಡರು.

ಇನ್ನರ್ಧ ನಮ್ಮ ಪಾಲಿಗೆ ಬಂದದ್ದು. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾಡೆಲ್ಲ ನಮ್ಮ ಬಾನು ಎಂದಿತು. ಕೆಲವೇ ತಿಂಗಳಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಇವರು ಹೇಗೆ ಮಾಡಬಹುದು ಎಂದು ನ್ಯಾಯಾಲಯಕ್ಕೆ ಹೋದವರಿದ್ದರು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಅರ್ಜಿ ತಳ್ಳಿಹಾಕಿದವು, ಉದ್ಘಾಟನೆ ನಡೆಯಿತು. 2017ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅದೇ ದಸರಾವನ್ನು ಉದ್ಘಾಟಿಸಿದ್ದರೆಂದು ಆಗ ಎಷ್ಟೋ ಜನ ನೆನಪಿಸಿದರು. ನೆನಪಿಸಿದ್ದು ಸರಿ. ಆದರೆ ನಮಗೆ ಅಲ್ಲೂ ಒಂದು ಅಳುಕು. ಬೂಕರ್ ಬಾರದಿದ್ದರೆ? ಸಂತಪುರದ ಕಿರಾಣಿ ಅಂಗಡಿಯವನ ಹೆಂಡತಿ ಒಂದು ಕಥೆಯನ್ನೂ ಬರೆದಿಲ್ಲ. ನಾಡಿನ ಹಬ್ಬದಲ್ಲಿ ಅವಳ ಪಾಲು ಎಷ್ಟು? ನಾವು ಕೂಡ ಪ್ರಶ್ನೆ ಬಂದಾಗಲೆಲ್ಲ ಬಿಸ್ಮಿಲ್ಲಾ ಖಾನರ ಹೆಸರನ್ನು, ಶ್ರೀರಂಗದಲ್ಲಿ ನೆಲೆಸಿದ ನಾಗಸ್ವರ ವಿದ್ವಾಂಸ ಶೇಖ್ ಚಿನ್ನ ಮೌಲಾನಾರ ಹೆಸರನ್ನು ಜೇಬಿನಿಂದ ಗುರುತುಚೀಟಿಯಂತೆ ತೆಗೆದು ತೋರಿಸುತ್ತೇವೆ. ಆ ಮಹನೀಯರು ಶಹನಾಯಿ, ನಾಗಸ್ವರ ಊದಿದ್ದು ನಮಗೆ ಜಾಮೀನು ನಿಲ್ಲಲಿಕ್ಕಲ್ಲ.

ವಿಚಿತ್ರವೆಂದರೆ, ಮನುಷ್ಯರಿಗೆ ಸಿಗದ ರಿಯಾಯಿತಿ ವಸ್ತುಗಳಿಗೆ ಸಿಗುತ್ತದೆ. ಪಿಟೀಲು ಯುರೋಪಿನದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿಯವರ ಕಾಲದಲ್ಲಿ ನಮ್ಮ ಕಛೇರಿಗೆ ಬಂತು. ಮೈಸೂರು ಚೌಡಯ್ಯನವರು ಅದಕ್ಕೆ ಏಳು ತಂತಿ ಹೂಡಿದರು. ಈಗ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವೇ ಪಿಟೀಲಿನ ಆಕಾರದಲ್ಲಿ ನಿಂತಿದೆ. ಯಾರೂ ಅದನ್ನು ಪರದೇಶಿ ಎನ್ನಲಿಲ್ಲ. ನಮ್ಮ ಬೀದರಿನ ಬಿದ್ರಿ ಕಲೆಯ ಬೇರು ಇರಾನಿನತ್ತ ಹೋಗುತ್ತದೆ. ಸತು ತಾಮ್ರದ ಎರಕದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ನವಸಾಗರದ ಜೊತೆ ಬೀದರ ಕೋಟೆಯ ಮಣ್ಣು ಕಲಸಿ ಕಾಸಿದಾಗಲೇ ಲೋಹ ಕಪ್ಪಾಗುವುದು, ಬೆಳ್ಳಿ ಹೊಳೆಯುವುದು. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಹೂಜಿ ನಮ್ಮದೆನ್ನಲು ಯಾರಿಗೂ ಸಂಕೋಚವಿಲ್ಲ. ಹೂಜಿ ಮಾಡುವ ಗಲ್ಲಿಯ ಬಗ್ಗೆ ಮಾತ್ರ ಆಗೀಗ ಪ್ರಶ್ನೆ ಏಳುತ್ತದೆ.

ನಮ್ಮ ಜಿಲ್ಲೆಯಲ್ಲೇ ಬಸವಕಲ್ಯಾಣವಿದೆ. ಎದುರು ಬಂದವನನ್ನು ಯಾರವನೆಂದು ವಿಚಾರಿಸದೆ ನಮ್ಮವನೆಂದುಕೊಳ್ಳಬೇಕು ಎಂದರು ಬಸವಣ್ಣ. ಬಂದವನಿಗೆ ಏನು ಬರುತ್ತದೆಂದು ಅವರು ಕೇಳಲಿಲ್ಲ. ಸೂರಾ ಹುಜುರಾತ್‌ನ 13ನೆಯ ವಚನವೂ ಮನುಷ್ಯರು ಜನಾಂಗ, ಕುಲಗಳಾಗಿರುವುದು ಪರಸ್ಪರ ಅರಿಯುವುದಕ್ಕೆ ಎಂಬ ಅರ್ಥ ಕೊಡುತ್ತದೆ. ನೆಂಟಸ್ತಿಕೆ ಮೊದಲು, ಅರಿಯುವುದು ಆಮೇಲೆ ಎಂದೇ ನಾವು ಇವನ್ನು ಓದಿಕೊಂಡಿದ್ದೇವೆ. ಪರೀಕ್ಷೆ ಪಾಸಾದವನನ್ನು ನೆಂಟನೆಂದು ಕರೆಯುವುದಾದರೆ ಅದು ನೇಮಕಾತಿ, ನೆಂಟಸ್ತಿಕೆಯಲ್ಲ.

ಹಾಗಾದರೆ ಹುನರ್ ಬೇಡವೇ? ಖಂಡಿತ ಬೇಕು. ನಮ್ಮವರಲ್ಲೂ ಕೆಲವರು ಹಕ್ಕಿನ ಮಾತನ್ನು ಗುರಾಣಿ ಮಾಡಿಕೊಂಡು ಕಲಿಯುವುದನ್ನೇ ಬಿಟ್ಟಿದ್ದಾರೆ. ಉರ್ದು ಶಾಲೆಯಲ್ಲಿ ಓದಿದ ಮಗುವಿಗೆ ಕನ್ನಡದ ಒಂದು ಪುಟ ತಡವರಿಸದೆ ಓದಲು ಬಾರದಿದ್ದರೆ ಅದರ ಹೊಣೆಯನ್ನು ಪೂರ್ತಿ ಬೇರೆಯವರ ತಲೆಗೆ ಕಟ್ಟಲಾಗದು. ಅದು ಆ ಮಗುವಿಗೆ ಆಗುವ ನಷ್ಟ. ಆದರೆ ತಡವರಿಸಿ ಓದುವ ಮಗುವೂ ಈ ನಾಡಿನದೇ. ಈ ಎರಡು ಮಾತನ್ನು ಒಟ್ಟಿಗೆ ಹೇಳುವ ಧೈರ್ಯ ನಮಗೆ ಬೇಕಾಗಿದೆ. ಒಂದನ್ನೇ ಹೇಳಿದರೆ ಒಂದು ಗುಂಪಿನ ಚಪ್ಪಾಳೆ ಸಲೀಸಾಗಿ ಸಿಗುತ್ತದೆ.

ದಕ್ಷಿಣ ಆನ್ಸಾಂಬಲ್ ಬಹಳ ಕಾಲ ಉಳಿಯಲಿಲ್ಲ. ಒಂದು ಆಲ್ಬಮ್, ಕೆಲವು ಕಛೇರಿಗಳು, ಅಷ್ಟೇ. ಇಂಥದ್ದು ಬೇರೆ ಕಡೆಯೂ ಆಗಿದೆ. ಲಂಡನ್ನಿನ ಯಂಗ್ ಡಿಸೈಪಲ್ಸ್ ಎಂಬ ಮೂವರ ಗುಂಪು 1991ರಲ್ಲಿ ‘ರೋಡ್ ಟು ಫ್ರೀಡಮ್’ ಎಂಬ ಒಂದೇ ಆಲ್ಬಮ್ ಕೊಟ್ಟು ಚದುರಿಹೋಯಿತು. ಜಾಝ್‌ಗೆ ಕುಣಿತದ ತಾಳ ಸೇರಿಸಿ, ಕರಿಯರ ಸೋಲ್ ಗಾಯನ ಬೆರೆಸಿದ ಅದರ ದನಿಯನ್ನು ಆಸಿಡ್ ಜಾಝ್ ಎಂದು ಕರೆದರು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಹುಟ್ಟಿದ ಕಾರ್ಲೀನ್ ಆಂಡರ್ಸನ್ ಅದರ ಗಾಯಕಿ. ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿಯ ಮೊದಲ ವರ್ಷವೇ, 1992ರಲ್ಲಿ, ಅಂತಿಮ ಪಟ್ಟಿಗೆ ಬಂದ ಆ ಆಲ್ಬಮನ್ನು ಆ ಬಗೆಯ ಸಂಗೀತದವರು ಇಂದಿಗೂ ಹುಡುಕಿ ಕೇಳುತ್ತಾರೆ. ಬೇರ್ಪಟ್ಟದ್ದನ್ನು ಸೋಲೆಂದು ಬರೆಯುವ ಅಭ್ಯಾಸ ನಮ್ಮ ಪತ್ರಿಕೆಗಳಿಗಿದೆ. ನೆಂಟರು ಜೀವಮಾನವಿಡೀ ಒಂದೇ ಮನೆಯಲ್ಲಿರಬೇಕೆಂಬ ನಿಯಮವೇನಿಲ್ಲ. ಮದುವೆಗೆ ಬಂದು ನಾಲ್ಕು ದಿನ ಇದ್ದು ಹೋದವರೂ ನೆಂಟರೇ.

ರುದ್ರೇಶ್ 2013ರಲ್ಲಿ ಹೊರತಂದ ಒಂದು ಆಲ್ಬಮಿಗೆ ‘ಗಮಕ್’ ಎಂದೇ ಹೆಸರಿಟ್ಟರು. ರೆಝ್ ಅಬ್ಬಾಸಿಯವರ ಜೊತೆ, ತಬಲಾ ಕಲಿತ ಅಮೆರಿಕದ ಡ್ಯಾನ್ ವೈಸ್‌ರನ್ನು ಸೇರಿಸಿಕೊಂಡು ಕಟ್ಟಿದ ಗುಂಪಿನ ಹೆಸರು ಇಂಡೋ-ಪಾಕ್ ಕೊಯಲಿಷನ್. 2017ರಲ್ಲಿ ಅದರ ಎರಡನೆಯ ಆಲ್ಬಮ್ ‘ಅಗ್ರಿಮ’ ಬಂತು. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ತುಳುನಾಡಿನ ಜಾತ್ರೆ, ಮದುವೆ, ಕೋಲಗಳಲ್ಲಿ ಈಗ ಸ್ಯಾಕ್ಸೋಫೋನು ಇಲ್ಲದಿದ್ದರೆ ಏನೋ ಕೊರತೆಯೆನಿಸುತ್ತದೆ. ಊದುವ ಹುಡುಗರಲ್ಲಿ ಹೆಚ್ಚಿನವರಿಗೆ ಅಡಾಲ್ಫ್ ಸ್ಯಾಕ್ಸ್ ಯಾರೆಂದು ಗೊತ್ತಿರಲಿಕ್ಕಿಲ್ಲ, ಕೇಳುವವರೂ ಅದನ್ನು ವಿಚಾರಿಸುವುದಿಲ್ಲ. ಶ್ರುತಿ ತಪ್ಪಿದರೆ ಮಾತ್ರ ಹಿರಿಯರೊಬ್ಬರು ತಿರುಗಿ ನೋಡುತ್ತಾರೆ.