ಕಸವೆಂಬ ಮಾತು

ನಾವು ಕಸವೆಂದು ಕರೆಯುವುದು ವಸ್ತುವಿನ ಗುಣವನ್ನು ನೋಡಿಯೋ, ನಮ್ಮ ಪ್ರಯೋಜನವನ್ನು ನೋಡಿಯೋ? ಕಡಲಹುಲ್ಲೆಂಬ ಸಾಮಾನ್ಯ ಸಸ್ಯವೊಂದು ಈ ಪ್ರಶ್ನೆಯನ್ನು ವಾಚಕರ ಮುಂದೆ ಇಡುತ್ತದೆ.

ಕಡಲಹುಲ್ಲು ಪಾಚಿಯ ಜಾತಿಯದಲ್ಲ. ಬೇರು, ಎಲೆ, ಹೂವುಗಳುಳ್ಳ ಸಸ್ಯ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿಯೂ ಪಾಕ್ ಕೊಲ್ಲಿಯಲ್ಲಿಯೂ ನೀರಿನ ತಳದಲ್ಲಿ ಇದರ ಹುಲ್ಲುಗಾವಲುಗಳಿವೆ. ಕಡಲಹಸುವಿಗೆ ಅದೇ ಮೇವು. ಉದುರಿದ ಎಲೆಗಳನ್ನು ಅಲೆಗಳು ದಡಕ್ಕೆ ತಂದು ರಾಶಿ ಹಾಕುತ್ತವೆ. ಡೆನ್ಮಾರ್ಕ್ ದೇಶದ ಲೆಸೊ ದ್ವೀಪದಲ್ಲಿ ಉಪ್ಪು ಕಾಯಿಸುವ ಒಲೆಗಳಿಗೆ ಕಾಡೆಲ್ಲ ಆಹುತಿಯಾದ ಮೇಲೆ, ಜನರು ಈ ಹುಲ್ಲನ್ನೇ ಹೊಸೆದು ಮನೆಗಳಿಗೆ ಹೊದಿಸಿದರು. ಹೊಸೆದು ಹೊದಿಸುವ ಕೆಲಸ ಅಲ್ಲಿಯ ಹೆಂಗಸರದು. ಅಂಥ ಕೆಲವು ಛಾವಣಿಗಳು ಇಂದಿಗೂ ಉಳಿದಿವೆ. ಯುರೋಪಿನ ಬೇರೆ ತೀರಗಳಲ್ಲಿ ಇದನ್ನು ಹಾಸಿಗೆಗೆ ತುಂಬಿದರು, ಹೊಲಕ್ಕೆ ಗೊಬ್ಬರವಾಗಿ ಹಾಕಿದರು.

‘ಹಾಗಾದರೆ ಇದು ಕಸವಲ್ಲ, ಉಪಯುಕ್ತ ವಸ್ತು’ ಎಂದು ವಾಚಕರು ಹೇಳಬಹುದು. ಅದು ಅರ್ಧ ಸತ್ಯ ಮಾತ್ರ. ಮೆಡಿಟರೇನಿಯನ್ ತೀರದ ಹಲವೆಡೆ ಪ್ರವಾಸಿಗರ ಕಣ್ಣಿಗೆ ಹಿತವಾಗಲೆಂದು ಈ ರಾಶಿಯನ್ನು ಯಂತ್ರಗಳಿಂದ ಬಳಿದು ಸಾಗಿಸುತ್ತಾರೆ. ಅದರೊಡನೆ ಮರಳೂ ಹೋಗುತ್ತದೆ. ಬರಿದಾದ ದಡವನ್ನು ಅಲೆಗಳು ಕೊರೆಯುತ್ತವೆ. ಯಾರ ಉಪಯೋಗಕ್ಕೂ ಬಾರದೆ ಬಿದ್ದಿದ್ದಾಗಲೂ ಆ ಹುಲ್ಲು ದಡವನ್ನು ಕಾಯುತ್ತಿತ್ತು.

ಕಡಲಿಗೆ ಬಹುದೂರವಾದ ನಮ್ಮ ಅಜ್ಜೀಪುರದ ಸೀಮೆಗೂ ಈ ವಿಚಾರ ಹೊರತಲ್ಲ. ಅಮೆರಿಕ ಖಂಡದ ಲಂಟಾನವನ್ನು 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಅದು ಇಂದು ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಹಬ್ಬಿ, ಹುಲ್ಲನ್ನೂ ಎಳೆಯ ಸಸಿಗಳನ್ನೂ ಅಡಗಿಸಿದೆ. 2004ರ ಸುಮಾರಿಗೆ ಬೆಂಗಳೂರಿನ ಏಟ್ರೀ ಸಂಸ್ಥೆಯವರು ಇಲ್ಲಿಯ ಸೋಲಿಗರೇ ಮೊದಲಾದವರಿಗೆ, ಬಿದಿರು ಬೆತ್ತಗಳ ಬದಲು ಲಂಟಾನದಿಂದ ಕುರ್ಚಿ, ಬುಟ್ಟಿಗಳನ್ನು ಮಾಡುವ ತರಬೇತಿ ಕೊಡಲಾರಂಭಿಸಿದರು. ಕಡ್ಡಿಗಳನ್ನು ಬೇಯಿಸಿ, ತೊಗಟೆ ಸುಲಿದು, ಬಾಗಿಸಿ ಕಟ್ಟುವ ಈ ಕಾಯಕದಿಂದ ಹಲವು ಮನೆಗಳ ಒಲೆ ಉರಿದಿದೆ.

ಕಡಲಹುಲ್ಲು ತನ್ನ ನೆಲೆಯಲ್ಲಿದ್ದು ಕಾಯುತ್ತದೆ; ಲಂಟಾನ ಪರರ ನೆಲೆಯನ್ನು ಆಕ್ರಮಿಸಿ ಕೆಡಿಸುತ್ತದೆ. ಎರಡನ್ನೂ ಕಸವೆಂಬ ಒಂದೇ ಮಾತಿನಿಂದ ಕರೆದರೆ ವಿವೇಕಕ್ಕೆ ಎಡೆಯೆಲ್ಲಿ? ಮೊದಲನೆಯದನ್ನು ಮಿತಿಯರಿತು ತೆಗೆದುಕೊಳ್ಳಬೇಕು. ಎರಡನೆಯದನ್ನು ಮುಗಿಯುವವರೆಗೂ ತೆಗೆಯಬೇಕು. ಲಂಟಾನವೇ ಮುಗಿದರೆ ಅದನ್ನು ನಂಬಿದವನ ಗತಿಯೇನೆಂದು ಕೇಳುವಿರಿ. ಅದು ತೊಲಗಿದ ನೆಲದಲ್ಲಿ ಬಿದಿರು ಮತ್ತೆ ಚಿಗುರೀತು. ಕೈಗೆ ಹತ್ತಿದ ವಿದ್ಯೆ ಎಲ್ಲಿಯೂ ಹೋಗದು. ಹೊಟ್ಟೆಪಾಡಿಗಾಗಿ ಕೇಡನ್ನೇ ಬೆಳೆಸಿಕೊಂಡರೆ ಮಾತ್ರ ಆ ಕಾಯಕ ಕೆಡುತ್ತದೆ.

ಆದುದರಿಂದ, ಗುಡಿಸುವ ಮುನ್ನ ಕ್ಷಣಕಾಲ ನಿಲ್ಲಿರಿ. ನಮಗೇನು ಪ್ರಯೋಜನವೆಂಬ ಪ್ರಶ್ನೆ ಆಮೇಲೆ ಬರಲಿ. ಬಿದ್ದಿರುವಲ್ಲಿ ಅದು ಯಾರನ್ನು ಕಾಯುತ್ತಿದೆ, ಯಾರನ್ನು ಕೆಡಿಸುತ್ತಿದೆ ಎಂಬುದನ್ನು ಮೊದಲು ವಿಚಾರಿಸಿರಿ.