ಈ ಅನುಗ್ರಹದ ಲೆಕ್ಕ



ಕಳೆದ ಬೇಸಿಗೆ ರಜೆಯಲ್ಲಿ ನಾನು ಕುಟುಂಬ ಸಮೇತ ಒಂದು ವಾರ ಬೆಂಗಳೂರಿನಲ್ಲಿದ್ದೆ. ಅಲ್ಲಿ ಉದ್ಯೋಗದಲ್ಲಿರುವ ನನ್ನ ಚಿಕ್ಕಪ್ಪನ ಮಗ ಬಹಳ ದಿನಗಳಿಂದ ಕರೆಯುತ್ತಿದ್ದ. "ಅಣ್ಣಾ, ಅತ್ತಿಗೆ ಊರಲ್ಲಿ ದಿನಾ ಒಲೆ ಮುಂದೆ ನಿಲ್ಲೋದು ಇದ್ದೇ ಇದೆ. ಈ ವಾರ ಒಲೆ ಹಚ್ಚೋದೇ ಬೇಡ" ಎಂದು ಹೇಳಿ ಪ್ರತಿ ರಾತ್ರಿ ನಮ್ಮನ್ನು ಹೊರಗೆ ಕರೆದೊಯ್ದ. ಒಂದು ದಿನ ಶಿವಾಜಿನಗರದ ಗಲ್ಲಿಯಲ್ಲಿ ಕೆಂಡದ ಮೇಲೆ ಸುಟ್ಟ ಶೀಕ್ ಕಬಾಬ್, ಮರುದಿನ ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ ಬಿರಿಯಾನಿ, ಇನ್ನೊಂದು ದಿನ ದೊಡ್ಡ ತಟ್ಟೆಯ ಸುತ್ತ ಕುಳಿತು ಅರಬರ ರೀತಿಯ ಅನ್ನ ಮಾಂಸ. ಊಟದ ಮೇಲೆ ಫಾಲೂದ, ಅದರ ಮೇಲೆ ಸುಲೈಮಾನಿ ಚಹಾ.

ಎಲ್ಲವೂ ಹಲಾಲ್ ಆಗಿತ್ತು, ರುಚಿಯಾಗಿಯೂ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಹೊಟ್ಟೆಯನ್ನು ಒಣಗಿಸುವುದೇ ಧರ್ಮನಿಷ್ಠೆ ಎಂದು ಇಸ್ಲಾಮ್ ಕಲಿಸಿಲ್ಲ. ಪ್ರವಾದಿವರ್ಯರಿಗೆ(ಸ) ಸಿಹಿ ತಿನಿಸು ಮತ್ತು ಜೇನು ಪ್ರಿಯವಾಗಿದ್ದವು. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿರಿ ಎಂಬ ಆದೇಶ ಸೂರಃ ಅಲ್ ಅಅ್‌ರಾಫ್‌ನ 31ನೆಯ ಸೂಕ್ತದಲ್ಲಿದೆ. ಅದರ ಮರುಸೂಕ್ತವೇ, ಅಲ್ಲಾಹನು ದಾಸರಿಗಾಗಿ ಕೊಟ್ಟ ಉತ್ತಮ ಆಹಾರವನ್ನು ನಿಷೇಧಿಸಿದವರು ಯಾರೆಂದು ಪ್ರಶ್ನಿಸುತ್ತದೆ. ಅನುಮತಿ ಮತ್ತು ಮಿತಿ ಒಟ್ಟೊಟ್ಟಿಗೇ ಬಂದಿವೆ. ನಾವು ಅನುಮತಿಯನ್ನು ಬಾಯಿಪಾಠ ಮಾಡಿಕೊಂಡಿದ್ದೇವೆ, ಮಿತಿಯನ್ನು ಮರೆತಿದ್ದೇವೆ.

ನಾನು ಮರೆತದ್ದು ಹೇಗೆಂದು ಕೇಳಿ. ಮೂರನೆಯ ರಾತ್ರಿ ಹನ್ನೊಂದು ಗಂಟೆಗೆ ಉಂಡು ಮಲಗಿದವನಿಗೆ ಫಜ್ರ್‌ನ ಅದಾನ್ ಕೇಳಿಸಲಿಲ್ಲ. ಎಚ್ಚರವಾದಾಗ ಬಿಸಿಲು ಬಂದಿತ್ತು. ಮಸೀದಿ ಮನೆಯಿಂದ ನೂರು ಹೆಜ್ಜೆ ದೂರದಲ್ಲಿತ್ತು. ಮಕ್ಕಳಿಗೆ ನಮಾಝಿನ ಮಹತ್ವ ಬೋಧಿಸಿ ಸಂಬಳ ಪಡೆಯುವ ನಾನು ಅಂದು ಕಝಾ ಮಾಡಿ ನಮಾಝ್ ನಿರ್ವಹಿಸಿದೆ. ಹೊಟ್ಟೆಗಿಂತ ಕೆಟ್ಟ ಪಾತ್ರೆಯನ್ನು ಮನುಷ್ಯನು ತುಂಬುವುದಿಲ್ಲ, ಬೆನ್ನು ನೆಟ್ಟಗಿರುವಷ್ಟು ತುತ್ತುಗಳು ಸಾಕು, ಹೆಚ್ಚು ಬೇಕೆಂದರೆ ಮೂರರಲ್ಲೊಂದು ಪಾಲು ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ತಿರ್ಮಿದಿ ವರದಿ ಮಾಡಿದ್ದಾರೆ. ನಾನು ಉಸಿರಿನ ಪಾಲನ್ನೂ ತಿಂದುಬಿಟ್ಟಿದ್ದೆ.

ಕೊನೆಯ ರಾತ್ರಿ ಬಫೆ ಊಟದ ಒಂದು ದೊಡ್ಡ ಹೋಟೆಲಿಗೆ ಹೋದೆವು. ತಲೆಗೆ ಇಷ್ಟು ಹಣವೆಂದು ಕೊಟ್ಟರೆ ಎಷ್ಟು ಬೇಕಾದರೂ ತಿನ್ನಬಹುದು. ಅಲ್ಲಿ ನನ್ನ ಮನಸ್ಸಿಗೆ ಬಂದ ಮೊದಲ ವಿಚಾರ ಹಸಿವಿನದ್ದಲ್ಲ, ಕೊಟ್ಟ ಹಣಕ್ಕೆ ನಷ್ಟವಾಗಬಾರದೆಂಬುದು. ತಟ್ಟೆ ತುಂಬ ಬಡಿಸಿಕೊಂಡೆ. ಮಕ್ಕಳು ನನ್ನನ್ನೇ ನೋಡಿ ಕಲಿತರು. ಅರ್ಧ ತಿಂದು, ಅರ್ಧ ಬಿಟ್ಟು, ಹೊಸ ತಟ್ಟೆ ತಂದರು. ಮೇಜು ಒರೆಸಲು ಬಂದ ಹುಡುಗನ ಮಾತಿನಿಂದ ಉತ್ತರ ಕರ್ನಾಟಕದವನೆಂದು ತಿಳಿಯಿತು.

"ತಗಿಲೇನ್ರಿ ಸರ?"

"ನಿನ್ನ ಊಟ ಆಯಿತೇನಪ್ಪಾ?"

"ಇನ್ನೂ ಇಲ್ರಿ. ಗಿರಾಕಿ ಎಲ್ಲಾ ಹೋದಮ್ಯಾಲೆ. ಹನ್ನೆರಡಾಗ್ತೈತ್ರಿ."

"ಇದನ್ನೆಲ್ಲ ಏನು ಮಾಡುತ್ತೀರಿ?"

"ಎಂಜಲ ಐತಲ್ರಿ, ಚೆಲ್ಲತೀವ್ರಿ."

ಅವನ ಕೈಯಲ್ಲಿ ನಮ್ಮ ಏಳು ತಟ್ಟೆಗಳಿದ್ದವು. ಹಣ ಕೊಟ್ಟಿದ್ದೇವಲ್ಲ ಎನ್ನಬಹುದು. ಹಣ ಹೋಟೆಲಿನವರಿಗೆ ಸಂದಿತು. ಆದರೆ ಅನ್ನ ಯಾರದ್ದು? ನೆಲಕ್ಕೆ ಬಿದ್ದ ತುತ್ತನ್ನೂ ಒರೆಸಿ ತಿನ್ನಿರಿ, ಅದನ್ನು ಶೈತಾನನಿಗೆ ಬಿಡಬೇಡಿರಿ ಎಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದೇ ಕಾಲದಲ್ಲಿ 78 ಕೋಟಿಗೂ ಹೆಚ್ಚು ಜನ ಹಸಿದಿದ್ದರು. ಹೋಟೆಲುಗಳನ್ನು ದೂರಿ ಕೈ ತೊಳೆದುಕೊಳ್ಳುವಂತಿಲ್ಲ. ಹೋಟೆಲು ಮುಂತಾದೆಡೆ ವ್ಯರ್ಥವಾದದ್ದು 29 ಕೋಟಿ ಟನ್ನಾದರೆ, ಮನೆಗಳಲ್ಲಿ ವ್ಯರ್ಥವಾದದ್ದು 63 ಕೋಟಿ ಟನ್. ಅಂದರೆ ದೊಡ್ಡ ತಪ್ಪು ನಮ್ಮ ಅಡುಗೆಮನೆಯಲ್ಲೇ ಇದೆ. ನಮ್ಮ ವಲೀಮಾದ ಚಪ್ಪರದ ಹಿಂದೆ ಒಮ್ಮೆ ಹೋಗಿ ನೋಡಿ.

ಇನ್ನೊಂದು ಮಾತು. ಅತಿಥಿ ಸತ್ಕಾರ ಮೂರು ದಿನ, ಅದರ ಮೇಲಿನದ್ದು ದಾನ ಎಂದು ಹದೀಸ್ ಹೇಳುತ್ತದೆ. ಆತಿಥೇಯನನ್ನು ಕಷ್ಟಕ್ಕೆ ದೂಡುವವರೆಗೆ ಅವನಲ್ಲಿ ತಂಗಿರಬಾರದೆಂದೂ ಕಲಿಸಲಾಗಿದೆ. ನಾನು ಏಳು ದಿನ ಉಂಡೆ. ಕೊನೆಯ ರಾತ್ರಿಯ ಬಿಲ್ಲು ನನ್ನ ಅರ್ಧ ತಿಂಗಳ ಸಂಬಳದಷ್ಟಿತ್ತು. ತಮ್ಮ ನಗುತ್ತಲೇ ಕೊಟ್ಟ. ಆ ನಗುವಿನ ಹಿಂದೆ ಏನಿತ್ತೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಊರಿಗೆ ಮರಳಿದ ಮರುದಿನ ಮದ್ರಸದಲ್ಲಿ ಒಬ್ಬ ಹುಡುಗ ಸೂರಃ ಅತ್ತಕಾಸುರ್ ಓದಿ ಒಪ್ಪಿಸಿದ. ಅನುಗ್ರಹಗಳ ಬಗ್ಗೆ ಅಂದು ವಿಚಾರಣೆಯಾಗುವುದೆಂಬ ಅದರ ಕೊನೆಯ ಸೂಕ್ತವನ್ನು ಎಷ್ಟು ಸಲ ಕಲಿಸಿದ್ದೇನೋ! ಅಂದು ಸಹೀಹ್ ಮುಸ್ಲಿಮ್‌ನ ಒಂದು ಘಟನೆ ನೆನಪಾಯಿತು. ಪ್ರವಾದಿವರ್ಯರು(ಸ), ಅಬೂಬಕರ್(ರ) ಮತ್ತು ಉಮರ್(ರ) ಮೂವರೂ ಹಸಿವು ತಾಳಲಾರದೆ ಮನೆಯಿಂದ ಹೊರಬಂದಿದ್ದರು. ಒಬ್ಬ ಅನ್ಸಾರಿ ಸಹಾಬಿ ಅವರನ್ನು ಸಂತೋಷದಿಂದ ಬರಮಾಡಿಕೊಂಡು ಖರ್ಜೂರದ ಗೊನೆ ತಂದಿಟ್ಟರು, ಆಡೊಂದನ್ನು ಕೊಯ್ದು ಉಣಿಸಿದರು. ಹಾಲು ಕೊಡುವುದನ್ನು ಕೊಯ್ಯಬೇಡಿರೆಂದು ಪ್ರವಾದಿವರ್ಯರು(ಸ) ಮೊದಲೇ ಎಚ್ಚರಿಸಿದ್ದರು. ಹೊಟ್ಟೆ ತುಂಬಿದ ಮೇಲೆ ಅವರು ಸಂಗಾತಿಗಳಿಗೆ ತಿಳಿಸಿದ್ದೇನು? ಹಸಿವಿನಿಂದ ಹೊರಟವರಿಗೆ ಸಿಕ್ಕ ಈ ಅನುಗ್ರಹದ ಬಗ್ಗೆಯೂ ಪ್ರಶ್ನಿಸಲಾಗುವುದೆಂದು! ಹಸಿದು ಉಂಡ ಆ ಒಂದು ಊಟಕ್ಕೆ ಲೆಕ್ಕವಿದ್ದರೆ, ಹಸಿಯದೆ ಉಂಡ ನನ್ನ ಏಳು ಊಟಗಳ ಗತಿಯೇನು?

ಸಹೋದರರೇ, ಹೊರಗೆ ಉಣ್ಣಬೇಡಿರೆಂದು ನಾನು ಹೇಳುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ, ಸಂತೋಷಪಡಿಸಿ. ಆದರೆ ಹಸಿದ ಮೇಲೆ ಹೋಗಿ. ಇಬ್ಬರ ಊಟ ಮೂವರಿಗೆ ಸಾಕಾಗುವುದೆಂಬ ಹದೀಸನ್ನು ನೆನೆದು, ಕಡಿಮೆ ತರಿಸಿ. ಮುಟ್ಟದೆ ಉಳಿದದ್ದನ್ನು ನಾಚದೆ ಕಟ್ಟಿಸಿಕೊಳ್ಳಿ. ಒಂದು ಊಟದ ಬೆಲೆಯನ್ನು ನೆರೆಮನೆಯ ಬಡವನಿಗಾಗಿ ತೆಗೆದಿಡಿ. ತಟ್ಟೆ ಎತ್ತುವ ಹುಡುಗನೊಂದಿಗೆ ಎರಡು ಒಳ್ಳೆಯ ಮಾತಾಡಿ. ಅವನ ಹಸಿವಿಗೂ ನಮ್ಮ ಎಂಜಲಿಗೂ ನಡುವೆ ಇದ್ದದ್ದು ಒಂದು ಮೇಜು ಮಾತ್ರ.

ಉಣ್ಣಿಸಿದ ಅಲ್ಲಾಹನು, ಉಂಡದ್ದರ ಲೆಕ್ಕ ಕೊಡುವ ದಿನ ನಮ್ಮನ್ನು ಅವಮಾನಕ್ಕೀಡು ಮಾಡದಿರಲಿ. ಸಾಕು ಎನ್ನುವ ನಾಲಿಗೆಯನ್ನೂ ಹಂಚಿ ತಿನ್ನುವ ಕೈಯನ್ನೂ ನಮಗೆ ದಯಪಾಲಿಸಲಿ. ಆಮೀನ್.