ನಮ್ಮ ಹೆಸರಿನಲ್ಲಿ ಆಡಿದ ಮಾತು ಯಾರದು?



ಗಡಿಭಾಗದ ನಮ್ಮ ಭಕ್ತರಲ್ಲಿ ಸಣ್ಣ ವ್ಯಾಪಾರ ಮಾಡುವವರು ಬಹಳ ಜನ. ಸೊಲ್ಲಾಪುರದಲ್ಲಿ ಚಾದರ, ಟಾವೆಲ್ ಮಾರುವವರಿದ್ದಾರೆ. ಅಕ್ಕಲಕೋಟೆಯ ಕಡೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಪುಣೆ, ಮುಂಬಯಿ, ಬೆಂಗಳೂರಿಗೆ ಪಾರ್ಸೆಲ್ ಕಳಿಸುವ ತಾಯಂದಿರಿದ್ದಾರೆ. ಇಂಥವರು ಈಚೆಗೆ ಮಠದ ಕಚೇರಿಗೆ ಬಂದಾಗ ಒಂದು ಮಾತು ಮೇಲಿಂದ ಮೇಲೆ ಕೇಳುತ್ತಾರೆ: “ಮನ್ಯಾಗ ಕುಂತು ಫೋನಿನ ಮ್ಯಾಲೆ ನಮ್ಮ ಕೆಲಸಾ ಮಾಡಿಕೊಡವ್ರು ಸಿಗ್ತಾರಂತ್ರಿ. ಇಟ್ಕೋಬೇಕೋ ಬ್ಯಾಡೋ?”

ಇಂಥ ಸಹಾಯಕರಿಗೆ ವರ್ಚುವಲ್ ಅಸಿಸ್ಟೆಂಟ್ ಎಂದು ಹೆಸರು. ಅವರು ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ. ತಮ್ಮ ಊರಲ್ಲೇ ಇದ್ದು ವಾಟ್ಸ್ಯಾಪಿಗೆ ಬಂದ ಆರ್ಡರು ಬರೆದುಕೊಳ್ಳುತ್ತಾರೆ, ಗಿರಾಕಿಗಳಿಗೆ ಉತ್ತರ ಕೊಡುತ್ತಾರೆ, ಬಿಲ್ಲು ಮಾಡುತ್ತಾರೆ, ಕೊರಿಯರ್‌ನವರ ಬೆನ್ನು ಹತ್ತುತ್ತಾರೆ, ಜಿಎಸ್‌ಟಿ ಲೆಕ್ಕಕ್ಕೆ ಬೇಕಾದ ಕಾಗದಪತ್ರ ಹೊಂದಿಸಿಡುತ್ತಾರೆ. ಇಟ್ಟುಕೊಳ್ಳಬೇಕೋ ಬೇಡವೋ ಎಂಬುದು ಬರೀ ಲೆಕ್ಕದ ಪ್ರಶ್ನೆ. ರೊಟ್ಟಿ ಬಡಿಯುವ ಕೈ ದಿನಕ್ಕೆ ಮೂರು ತಾಸು ಫೋನ್ ಒತ್ತುವುದರಲ್ಲೇ ಕಳೆಯುತ್ತಿದ್ದರೆ, ಆ ಮೂರು ತಾಸಿನ ರೊಟ್ಟಿಯ ಲಾಭ ಪಗಾರಕ್ಕಿಂತ ಹೆಚ್ಚಾಗುವಂತಿದ್ದರೆ, ಇಟ್ಟುಕೊಳ್ಳಿ. ಇಷ್ಟಕ್ಕೆ ಮಠದ ಸಲಹೆ ಬೇಕಿಲ್ಲ.

ಮಠಕ್ಕೆ ಬಂದು ಕೇಳಬೇಕಾದದ್ದು ಬೇರೆಯೇ ಇದೆ. ನಮ್ಮ ಕಣ್ಣಿಗೆ ಬೀಳದೆ ನಮ್ಮ ಹೆಸರಿನಲ್ಲಿ ಮಾತಾಡುವ ಮನುಷ್ಯನಿಗೂ ನಮಗೂ ಏನು ಸಂಬಂಧ? ಆತನು ಕೊಟ್ಟ ಮಾತು ಯಾರದು?

ಹಿಂದೆ ಪೇಟೆಯಲ್ಲಿ ದಿವಾಣಜಿಗಳಿದ್ದರು. ಗಾದಿಯ ಮೇಲೆ ಮಾಲಕರು, ಮಗ್ಗುಲಲ್ಲಿ ದಿವಾಣಜಿ, ಎದುರಿಗೆ ಕೀರ್ದಿ, ಖತಾವಣಿ. ದೀಪಾವಳಿ ಪಾಡ್ಯಕ್ಕೆ ಹೊಸ ವಹಿ ಪೂಜೆಯಾದಾಗ ಅವರಿಗೊಂದು ಧೋತರ. ಆ ಕಾಲವೆಲ್ಲ ಬಂಗಾರವಾಗಿತ್ತೆಂದು ನಾವು ಹೇಳುವುದಿಲ್ಲ. ಪಗಾರ ತಿಂಗಳುಗಟ್ಟಲೆ ಬಾಕಿ ನಿಲ್ಲುತ್ತಿತ್ತು. ದೀಪ ಹಚ್ಚಿದ ಮೇಲೂ ಮನೆಗೆ ಬಿಡದ ಮಾಲಕರಿದ್ದರು. ಆದರೆ ದಿವಾಣಜಿಗೆ ಜ್ವರ ಬಂದರೆ ಮಾಲಕನಿಗೆ ಕಾಣುತ್ತಿತ್ತು. ಕಂಡ ಮೇಲೆ ಸುಮ್ಮನಿರಲು ಸ್ವಲ್ಪವಾದರೂ ನಾಚಿಕೆಯಾಗುತ್ತಿತ್ತು. ದೂರದ ಸಹಾಯಕರ ವಿಷಯದಲ್ಲಿ ಆ ನಾಚಿಕೆಗೂ ದಾರಿಯಿಲ್ಲ. ರಾತ್ರಿ ಹನ್ನೊಂದಕ್ಕೆ ಕೆಲಸ ಹೇಳಿದರೆ ಅವರ ಮುಖ ಹೇಗಾಯಿತೆಂದು ನಮಗೆ ಕಾಣುವುದಿಲ್ಲ.

ಕಳೆದ ವರ್ಷ ಮಠಕ್ಕೆ ಬಂದ ಒಂದು ತಕರಾರು ಹೇಳುತ್ತೇವೆ. ಹೆಸರು, ಊರು ಬೇಡ. ವ್ಯಾಪಾರಸ್ಥರೊಬ್ಬರು ಪುಣೆಗೆ ರೊಟ್ಟಿ ಕಳಿಸಿದರು. ಖಡಕ್ ರೊಟ್ಟಿ ಮುರಿಯದೆ ಪುಣೆ ಮುಟ್ಟುವುದೇ ಒಂದು ಪವಾಡ. ಮುಟ್ಟಿದಾಗ ಅರ್ಧಕ್ಕರ್ಧ ಪುಡಿ. ಗಿರಾಕಿ ರಾತ್ರಿ ಬರೆದರು. ಇಂಡಿ ತಾಲೂಕಿನ ಹಳ್ಳಿಯೊಂದರಿಂದ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು “ಕ್ಷಮಿಸಿರಿ, ನಿಮ್ಮ ಹಣ ವಾಪಸು ಕೊಡುತ್ತೇವೆ” ಎಂದು ಉತ್ತರಿಸಿದಳು. ಮರುದಿನ ಮಾಲಕರು, “ಹಂಗ ನಾ ಎಲ್ಲಿ ಹೇಳೀನ್ರೀ, ಆ ಹುಡುಗಿ ಬರದಾಳ” ಎಂದು ಗಿರಾಕಿಗೆ ಕೈ ಎತ್ತಿದರು. ಅಷ್ಟು ಸಾಲದೆಂಬಂತೆ, ಸುಳ್ಳು ಆಸೆ ತೋರಿಸಿದಳೆಂದು ಆಕೆಯ ಪಗಾರದಲ್ಲಿ 1,440 ರೂಪಾಯಿ ಹಿಡಿದರು. ಗಿರಾಕಿಯೂ ನಮ್ಮ ಭಕ್ತರೇ ಆದ್ದರಿಂದ ಮಾತು ಮಠಕ್ಕೆ ಬಂತು.

ನಾವು ಬಿ.ಕಾಂ. ಓದುವಾಗ ಮರ್ಕಂಟೈಲ್ ಲಾ ಎಂಬ ವಿಷಯವಿತ್ತು. ಪರೀಕ್ಷೆ ಮುಗಿದ ಮೇಲೆ ಅದರ ಉಪಯೋಗ ಇಂಥ ದಿನ ಬರುತ್ತದೆ! 1872ರ ಭಾರತೀಯ ಕರಾರು ಕಾಯ್ದೆಯ 182ನೇ ಕಲಮಿನ ಪ್ರಕಾರ, ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ಅಥವಾ ಮೂರನೆಯವರೊಡನೆ ವ್ಯವಹರಿಸಲು ನೇಮಕಗೊಂಡವನು ಏಜಂಟ. 226ನೇ ಕಲಮಿನಂತೆ ಏಜಂಟನ ಮೂಲಕ ಆದ ಕರಾರು ಯಜಮಾನ ತಾನೇ ಮಾಡಿದಷ್ಟೇ ಗಟ್ಟಿ. ಏಜಂಟ ತನ್ನ ಅಧಿಕಾರ ಮೀರಿದ್ದರೂ, ಆ ಅಧಿಕಾರ ಆತನಿಗಿದೆ ಎಂದು ಎದುರಿನವರು ನಂಬುವಂತೆ ಯಜಮಾನನೇ ನಡೆದುಕೊಂಡಿದ್ದರೆ ಯಜಮಾನನೇ ಹೊಣೆ, ಇದು 237. ಅಂಗಡಿಯ ನಂಬರು ಆಕೆಯ ಕೈಗೆ ಕೊಟ್ಟವರು ಯಾರು?

ಮಾಲಕರ ಪಕ್ಷದಲ್ಲೂ ಒಂದು ಮಾತಿದೆ. ಅಲಕ್ಷ್ಯದಿಂದ ನಷ್ಟ ಮಾಡಿದ ಏಜಂಟ ಅದನ್ನು ತುಂಬಿಕೊಡಬೇಕೆಂದು ಅದೇ ಕಾಯ್ದೆಯ 212ನೇ ಕಲಮು ಹೇಳುತ್ತದೆ. ಆದ್ದರಿಂದ ನಾವು ಕೇಳಿದೆವು: ಹಣ ವಾಪಸಿನ ಬಗ್ಗೆ ಆಕೆಗೆ ಏನು ಹೇಳಿದ್ದಿರಿ? ಅವರು ಸ್ವಲ್ಪ ತಡೆದು, “ಗಿರಾಕಿಗೆ ಸಮಾಧಾನ ಆಗೋ ಹಂಗ ಮಾತಾಡು ಅಂದಿದ್ದೆ ನೋಡ್ರಿ” ಎಂದರು. ಆಕೆ ಅದನ್ನೇ ಮಾಡಿದ್ದಳು.

ಗಿರಾಕಿಗೆ ಹಣ ಮುಟ್ಟಿತು. ಹಿಡಿದ ಪಗಾರವನ್ನೂ ಎರಡು ತಿಂಗಳ ಮೇಲೆ ಕಳಿಸಿದರು. ಅಷ್ಟರಲ್ಲಿ ಆಕೆ ಬೇರೊಬ್ಬರ ಕೆಲಸ ಹಿಡಿದಿದ್ದಳು.

ನಮಗೆ ತಿಳಿಯುವಂತೆ ಕಾಯ್ದೆಗಿಂತ ಮೊದಲೇ ಇಲ್ಲೊಂದು ನ್ಯಾಯವಿದೆ. ಸಹಾಯಕಿಯ ಸವಿಮಾತಿನಿಂದ ಹತ್ತು ಆರ್ಡರು ಬಂದಾಗ “ನಮ್ಮ ಅಂಗಡಿಯ ಹೆಸರು ದೊಡ್ಡದು” ಎನ್ನುತ್ತೇವೆ. ಒಂದು ಮಾತು ತುಟ್ಟಿಯಾದಾಗ “ಆ ಹುಡುಗಿ” ಎನ್ನುತ್ತೇವೆ. ಲಾಭದ ಮಾತು ನಮ್ಮದು, ನಷ್ಟದ ಮಾತು ಆಕೆಯದು ಎಂಬ ಈ ಖತಾವಣಿ ಯಾವ ಆಡಿಟಿನಲ್ಲಿ ತಾಳೆಯಾದೀತು? ಕಾಯಕದ ಹೆಸರು ಹೇಳಿ ಪಗಾರ ಇಳಿಸಲು ನೋಡುವ ಜಾಣರನ್ನೂ ಕಂಡಿದ್ದೇವೆ. ಕಾಯಕದ ಮಾತು ಮೊದಲು ಮಾಲಕರಿಗೆ ಅನ್ವಯಿಸುತ್ತದೆ ಎಂಬುದು ಅವರ ಲಕ್ಷ್ಯಕ್ಕೆ ಬರುವುದಿಲ್ಲ.

ಕಾಣದವರನ್ನು ನಂಬುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಸಹಾಯಕರ ಕಂಪ್ಯೂಟರಿನ ಪರದೆಯ ಚಿತ್ರವನ್ನು ಆಗಾಗ ತಾನಾಗಿಯೇ ತೆಗೆದು ಮಾಲಕರಿಗೆ ಕಳಿಸುವ ಸಾಫ್ಟ್‌ವೇರ್ ಪೇಟೆಯಲ್ಲಿವೆ. ಅದು ನಮಗೆ ಸರಿಬರುವುದಿಲ್ಲ. ಇನ್ನೊಬ್ಬರ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಾಯಿತು. ಎಷ್ಟು ಆರ್ಡರಿಗೆ ಉತ್ತರ ಹೋಯಿತು, ಎಷ್ಟು ಬಿಲ್ಲು ತಪ್ಪಿಲ್ಲದೆ ಆಯಿತು ಎಂದು ಕೆಲಸವನ್ನು ಎಣಿಸಿರಿ. ಹಾಗೆಂದು ಬೀಗದ ಕೈ ಎಲ್ಲ ಕೊಟ್ಟು ಕೂಡುವುದೂ ವಿಶ್ವಾಸವಲ್ಲ. ಬ್ಯಾಂಕಿನ ಪಾಸ್‌ವರ್ಡ್, ಯುಪಿಐ ಪಿನ್, ಒಟಿಪಿ ಯಾರಿಗೂ ಹೇಳಬಾರದು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಮೊದಲ ಸಂಶಯ ಆ ಬಡವಿಯ ಮೇಲೆಯೇ ಬರುತ್ತದೆ. ಆಕೆಯನ್ನು ಆ ಸಂಶಯದ ದಾರಿಯಲ್ಲಿ ನಿಲ್ಲಿಸದಿರುವುದೂ ಮಾಲಕರ ಕೆಲಸ.

ಈಗ ಮನುಷ್ಯರೇ ಬೇಡ, ಉತ್ತರ ಕೊಡುವ ಎಐ ಬಂದಿದೆ ಎನ್ನುವವರಿದ್ದಾರೆ. ಬರಲಿ. ಅದಕ್ಕೆ ಪಗಾರವಿಲ್ಲ, ಸೂಟಿಯಿಲ್ಲ. “ಆ ಹುಡುಗಿ” ಎಂದು ಬೆರಳು ತೋರಿಸಲು ಹುಡುಗಿಯೂ ಇಲ್ಲ.

ಗಡಿಯ ತಂದೆತಾಯಿಗಳಿಗೂ ಒಂದು ಮಾತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಟಿವಿಯಿಂದ ಹಿಂದಿ, ಸೊಲ್ಲಾಪುರದವರಾದರೆ ನೆರೆಹೊರೆಯ ತೆಲುಗೂ ಕೂಡಿ ಬೆಳೆದ ನಮ್ಮ ಮಕ್ಕಳಿಗೆ ಇಂಥ ಕೆಲಸ ಚೆನ್ನಾಗಿ ಒಗ್ಗುತ್ತದೆ. ಊರು ಬಿಡದೆ ದುಡಿಯಬಹುದು. ಆದರೆ ಯಾವ ತಾರೀಖಿಗೆ ಪಗಾರ, ಯಾವ ವೇಳೆಯ ನಂತರ ಫೋನಿಲ್ಲ, ಎಷ್ಟು ರೂಪಾಯಿಯವರೆಗೆ ವಾಪಸು ಕೊಡಲು ಅಧಿಕಾರ ಎಂಬುದನ್ನು ಮೊದಲೇ ಬರೆಸಿಕೊಳ್ಳಿರಿ. ವಾಟ್ಸ್ಯಾಪಿನಲ್ಲಿ ಬರೆದ ನಾಲ್ಕು ಸಾಲಾದರೂ ಸರಿಯೇ.

ಉತ್ತರ ಕೊಡುವವರು ಮಾಲಕರಲ್ಲವೆಂದು ಗಿರಾಕಿಗೆ ತಿಳಿಸಬೇಕೇ ಎಂಬ ಬಗ್ಗೆ ನಮ್ಮ ಕಚೇರಿಯಲ್ಲೇ ಎರಡು ಅಭಿಪ್ರಾಯವಿದೆ. ಗಿರಾಕಿ ಕೇಳಿದರೆ ಸುಳ್ಳು ಹೇಳಬಾರದೆಂಬುದರಲ್ಲಿ ಭೇದವಿಲ್ಲ. ಕೇಳದಿದ್ದರೆ? ಅಕ್ಕಲಕೋಟೆ ಕಡೆಯ ತಾಯಿಯೊಬ್ಬರು ಪ್ರತಿ ಉತ್ತರದ ಕೆಳಗೆ ಸಹಾಯಕಿಯ ಹೆಸರನ್ನೇ ಹಾಕಿಸುತ್ತಾರೆ. ಈಗ ಗಿರಾಕಿಗಳು ಆಕೆಯನ್ನೇ ಹೆಸರು ಹಿಡಿದು ಕೇಳುತ್ತಾರಂತೆ. ನಾಳೆ ಆಕೆ ಬಿಟ್ಟು ಹೋದರೆ ಗಿರಾಕಿಗಳೂ ಬೆನ್ನು ಹತ್ತಿ ಹೋದಾರೆಂಬ ಚಿಂತೆ ಆ ತಾಯಿಗಿದೆ. ಆದರೂ ಹೆಸರು ತೆಗೆದಿಲ್ಲ.